412 ಪುಸ್ತಕ ಇವೆ, ಪುಟದಲ್ಲಿ 411 ಮಾತ್ರ ಕಾಣುತ್ತವೆ. ಯಾಕೆ?

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ಶಾಲೆಯ ಲೈಬ್ರರಿಯ 412 ಪುಸ್ತಕಗಳ ಪಟ್ಟಿಯನ್ನು ಎಕ್ಸೆಲ್‌ನಿಂದ ಮೈಎಸ್‌ಕ್ಯೂಎಲ್‌ಗೆ ಹಾಕಿ, ಅದನ್ನು ತೋರಿಸಲು ಪಿಎಚ್‌ಪಿಯಲ್ಲಿ ಒಂದು ಪುಟ ಬರೆದಿದ್ದೇನೆ. ಅಲ್ಲಿ ಇಲ್ಲಿ ಸಿಕ್ಕ ಕೋಡ್ ನೋಡಿಕೊಂಡು ಮಾಡಿದ್ದು. ಮೂರು ತೊಂದರೆ ಇವೆ. ಒಂದು, 411 ಪುಸ್ತಕ ಮಾತ್ರ ಕಾಣುತ್ತವೆ, ಯಾವಾಗಲೂ ಮೊದಲನೆಯದೇ ಮಾಯ. ಎರಡು, ಇಂಗ್ಲಿಷ್ ಹೆಸರುಗಳು ಸರಿಯಾಗಿ ಬರುತ್ತವೆ, ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ. ಮೂರು, ಹುಡುಕುವ ಡಬ್ಬಿಯಲ್ಲಿ ನಾಟಕಕಾರ ಓ'ನೀಲ್ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿದರೆ ಪುಟ ಎರರ್ ಕೊಟ್ಟು ನಿಂತುಬಿಡುತ್ತದೆ, ಬೇರೆ ಯಾರ ಹೆಸರಿಗೂ ಹೀಗಾಗುವುದಿಲ್ಲ. ಕೋಡ್ ಜೊತೆಗೆ ಕಳಿಸಿದ್ದೇನೆ. ಎಲ್ಲ ಬಿಟ್ಟು ಹೊಸದಾಗಿ ಬರೆಯಬೇಕಾ?

ಉತ್ತರ: ಹೊಸದಾಗಿ ಬರೆಯೋದೇನೂ ಬೇಡ ಮೇಷ್ಟ್ರೇ. ಹತ್ತು ಹದಿನೈದು ಸಾಲು ಬದಲಾದರೆ ನಿಮ್ಮ ಪುಟ ಸರಿಹೋಗುತ್ತದೆ. ಮೂರೂ ಬೇರೆ ಬೇರೆ ಕಾಯಿಲೆ ಅನ್ನಿಸುತ್ತವೆ, ಅಲ್ವಾ? ನಿಮ್ಮ ಕೋಡ್ ಓದಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಡೇಟಾಬೇಸಿನಿಂದ ತರುವುದು ಒಂದು ಕೆಲಸ, ತಂದದ್ದನ್ನು ಪುಟದಲ್ಲಿ ತೋರಿಸುವುದು ಇನ್ನೊಂದು ಕೆಲಸ. ನೀವು ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿದ್ದೀರಿ. ಮೂರು ತೊಂದರೆಯೂ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಜಾಗದಲ್ಲೇ ಹುಟ್ಟಿವೆ.

ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆದುಕೊಳ್ಳಿ.

ಮೊದಲು ಕಾಣೆಯಾದ ಪುಸ್ತಕ. ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಓಡಿಸಿದಾಗ ಕೈಗೆ ಬರುವುದು ಪಟ್ಟಿ ಅಂತ ಎಲ್ಲರೂ ಮೊದಮೊದಲು ಅಂದುಕೊಳ್ಳುತ್ತಾರೆ. ಅದು ಪಟ್ಟಿ ಅಲ್ಲ. ನೀವು ತರಗತಿಯಲ್ಲಿ ಹಾಜರಿ ಕೂಗುವುದನ್ನು ನೆನಪಿಸಿಕೊಳ್ಳಿ. ಹಾಜರಿ ಪುಸ್ತಕ ತೆರೆದು ಮೊದಲ ಹೆಸರಿನ ಮೇಲೆ ಬೆರಳಿಡುತ್ತೀರಿ. ಒಂದು ಹೆಸರು ಕೂಗಿದ ತಕ್ಷಣ ಬೆರಳು ಕೆಳಗಿನ ಹೆಸರಿಗೆ ಜಾರುತ್ತದೆ. ಮೈಎಸ್‌ಕ್ಯೂಎಲ್‌ಐ ಫೆಚ್ ಅಸೋಕ್ ಮಾಡುವುದು ಇಷ್ಟೇ: ಬೆರಳಿನ ಕೆಳಗಿರುವ ಸಾಲನ್ನು ಕೊಡುತ್ತದೆ, ಬೆರಳನ್ನು ಒಂದು ಸಾಲು ಕೆಳಗಿಳಿಸುತ್ತದೆ. ಸಾಲುಗಳು ಮುಗಿದರೆ ನಲ್ (‘ಏನೂ ಇಲ್ಲ’ ಎಂಬ ಗುರುತು) ಕೊಡುತ್ತದೆ, ಅಲ್ಲಿಗೆ ವೈಲ್ ಲೂಪ್ ನಿಲ್ಲುತ್ತದೆ.

ಈಗ ನಿಮ್ಮ ಕೋಡ್ ನೋಡಿ. ಲೂಪಿಗೆ ಮುಂಚೆ ಒಂದು ಇಫ್ ಇದೆ. ಪುಸ್ತಕಗಳು ಸಿಕ್ಕವೋ ಇಲ್ಲವೋ ನೋಡಲು ಅದರೊಳಗೆ ಫೆಚ್ ಅಸೋಕ್ ಕರೆದಿದ್ದೀರಿ. ಮೊದಲ ಹೆಸರು ಅಲ್ಲೇ ಕೂಗಿ ಆಯಿತು, ಯಾರೂ ಕೇಳಿಸಿಕೊಳ್ಳಲಿಲ್ಲ. ಲೂಪ್ ಶುರುವಾಗುವ ಹೊತ್ತಿಗೆ ಬೆರಳು ಎರಡನೇ ಸಾಲಿನಲ್ಲಿದೆ. ಒಂದೇ ಪುಸ್ತಕ ಸಿಗುವ ಹಾಗೆ ಏನಾದರೂ ಹುಡುಕಿ ನೋಡಿ, ನಿಮ್ಮ ಪುಟ ಪೂರ್ತಿ ಖಾಲಿ ಬರುತ್ತದೆ. ಪುಸ್ತಕ ಇಲ್ಲ ಎಂಬ ಸಂದೇಶವೂ ಬರುವುದಿಲ್ಲ, ಪುಸ್ತಕವೂ ಬರುವುದಿಲ್ಲ.

ಸಾಲುಗಳು ಎಷ್ಟಿವೆ ಎಂದು ಬೆರಳು ಅಲುಗಿಸದೆ ತಿಳಿಯಲು ಮೈಎಸ್‌ಕ್ಯೂಎಲ್‌ಐ ನಮ್ ರೋಸ್ ಇದೆ. ಡೇಟಾ ಸೀಕ್ ಬಳಸಿ ಬೆರಳನ್ನು ಮತ್ತೆ ಸೊನ್ನೆಗೆ ತರಲೂ ಬರುತ್ತದೆ. ಆದರೆ ನಾನಾದರೆ ಇವೆರಡನ್ನೂ ಬಿಟ್ಟು ಫೆಚ್ ಆಲ್ ಕರೆದು ಎಲ್ಲ ಸಾಲುಗಳನ್ನೂ ಒಮ್ಮೆಗೇ ಒಂದು ಅರ್ರೇಗೆ, ಅಂದರೆ ಪಿಎಚ್‌ಪಿಯದೇ ನಿಜವಾದ ಪಟ್ಟಿಗೆ, ಸುರಿದುಕೊಳ್ಳುತ್ತೇನೆ. ಆಮೇಲೆ ಎಣಿಸಿ, ಎರಡು ಸಲ ತಿರುಗಿಸಿ, ಹಿಂದಿನಿಂದ ಓದಿ, ಯಾವ ಬೆರಳಿನ ಕಾಟವೂ ಇಲ್ಲ. ಫೆಚ್ ಆಲ್ ಸುಮ್ನೆ ಕರೆದರೆ ಕಾಲಂ ಹೆಸರು ಬರುವುದಿಲ್ಲ, ಸೊನ್ನೆ ಒಂದು ಎರಡು ಅಂತ ನಂಬರ್ ಬರುತ್ತದೆ. ಹೆಸರು ಬೇಕೆಂದರೆ ಮೈಎಸ್‌ಕ್ಯೂಎಲ್‌ಐ ಅಸೋಕ್ ಎಂಬ ಕಾನ್‌ಸ್ಟಂಟನ್ನು ದೊಡ್ಡಕ್ಷರದಲ್ಲಿ ಜೊತೆಗೆ ಕೊಡಿ. ನೂರಾರು ಸಾಲನ್ನು ಹೀಗೆ ಒಟ್ಟಿಗೆ ತಂದರೆ ಮೆಮೊರಿಗೆ ಭಾರವಾಗಲ್ವಾ ಅಂದರೆ, ಇಲ್ಲ. ಪಿಎಚ್‌ಪಿಯ ಮೂಲ ಮಿತಿ 128 ಎಂಬಿ. ನಿಮ್ಮ ಇಡೀ ಲೈಬ್ರರಿ ಅದರ ಮೂಲೆಗೂ ಸಾಲದು. ಅದೂ ಅಲ್ಲದೆ ಮೈಎಸ್‌ಕ್ಯೂಎಲ್‌ಐ ಕ್ವೆರಿ, ನೀವು ಬೇರೆ ಹೇಳದಿದ್ದರೆ, ಫಲಿತಾಂಶವನ್ನೆಲ್ಲ ಮೊದಲೇ ಪಿಎಚ್‌ಪಿ ಕಡೆಗೆ ತಂದಿಟ್ಟುಕೊಂಡಿರುತ್ತದೆ. ಒಂದೊಂದೇ ಫೆಚ್ ಮಾಡಿ ಉಳಿಸುವುದು ಅಷ್ಟರಲ್ಲೇ ಇದೆ.

ಹೀಗೆ ಮಾಡಿದರೆ ನಿಮ್ಮ ಫೈಲ್ ತಾನಾಗೇ ಎರಡು ಭಾಗ ಆಗುತ್ತದೆ. ಮೇಲಿನ ಅರ್ಧದಲ್ಲಿ ಕನೆಕ್ಷನ್, ಕ್ವೆರಿ, ಅರ್ರೇ. ಅಲ್ಲಿ ಒಂದೇ ಒಂದು ಎಕೋ ಇರಬಾರದು. ಕೆಳಗಿನ ಅರ್ಧದಲ್ಲಿ ಎಚ್‌ಟಿಎಂಎಲ್, ಅದರ ನಡುವೆ ಒಂದು ಫೋರ್‌ಈಚ್. ಅಲ್ಲಿ ಕ್ವೆರಿಯ ಸುಳಿವೂ ಇರಬಾರದು. ಈಗ ನಿಮ್ಮ ಫೈಲಿನಲ್ಲಿ ಎಕೋ ಒಳಗೆ ಟೇಬಲ್ ಟ್ಯಾಗ್, ಅದರೊಳಗೆ ಕೊಟೇಶನ್, ಅದರೊಳಗೆ ಚುಕ್ಕಿ ಹಾಕಿ ಜೋಡಿಸಿದ ಕಾಲಂ ಹೆಸರು. ಒಂದು ಕೊಟೇಶನ್ ತಪ್ಪಿದರೆ ಹುಡುಕುವಷ್ಟರಲ್ಲಿ ಮಧ್ಯಾಹ್ನದ ಬೆಲ್ ಹೊಡೆದಿರುತ್ತದೆ. ಇನ್ನೂ ಒಂದು ಕಾರಣ ಇದೆ. ಅರ್ಧ ಟೇಬಲ್ ಬರೆದಾದ ಮೇಲೆ ಕ್ವೆರಿ ಕೆಟ್ಟರೆ, ಓದುವವರಿಗೆ ಮುರಿದ ಟೇಬಲ್ಲಿನ ಕೆಳಗೆ ಎರರ್ ಕಾಣುತ್ತದೆ. ಮೊದಲೇ ಎಲ್ಲ ತಂದಿಟ್ಟುಕೊಂಡಿದ್ದರೆ, ಕೆಟ್ಟಿದ್ದು ಗೊತ್ತಾದಾಗ ಇನ್ನೂ ಏನೂ ಬರೆದಿರುವುದಿಲ್ಲ. ‘ಸ್ವಲ್ಪ ಹೊತ್ತು ಬಿಟ್ಟು ನೋಡಿ’ ಎಂಬ ಬೇರೆ ಪುಟ ತೋರಿಸಬಹುದು.

ಕೆಳಗಿನ ಅರ್ಧದಲ್ಲಿ ಟೇಬಲ್ಲಿನ ಒಂದು ಮನೆ ಹೀಗಿರಲಿ:

<?= ತೋರು($ಪುಸ್ತಕ['ಹೆಸರು']) ?>

ಹೌದು, ಇದು ಓಡುತ್ತದೆ. ವೇರಿಯಬಲ್ ಮತ್ತು ಫಂಕ್ಷನ್ ಹೆಸರನ್ನು ಕನ್ನಡದಲ್ಲಿ ಬರೆದರೂ ಪಿಎಚ್‌ಪಿ ತಕರಾರು ಮಾಡುವುದಿಲ್ಲ. ಒಂದೇ ಅಪಾಯ. ಕೆಲವು ಕೀಬೋರ್ಡುಗಳು ಅರ್ಧಾಕ್ಷರದ ಪಕ್ಕ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸುತ್ತವೆ. ಆಗ ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರು ಪಿಎಚ್‌ಪಿಗೆ ಬೇರೆ ಬೇರೆ. ತೋರು ಎಂಬುದು ನೀವೇ ಬರೆಯಬೇಕಾದ ಪುಟ್ಟ ಫಂಕ್ಷನ್, ಅದರ ಒಳಗೇನಿರಬೇಕು ಅಂತ ಓ'ನೀಲ್ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಈಗ ಪ್ರಶ್ನೆ ಚಿಹ್ನೆ. ಇದೇ ದೊಡ್ಡ ವಿಷಯ, ಇದರಲ್ಲೇ ಎಲ್ಲರೂ ತಪ್ಪು ಜಾಗದಲ್ಲಿ ಹುಡುಕುವುದು.

ಕನ್ನಡ ಕೆಟ್ಟು ಕಾಣುವ ಬಗೆ ಹಲವು. ಪ್ರತಿಯೊಂದಕ್ಕೂ ಬೇರೆ ಕಾರಣ. ಚೌಕ ಚೌಕ ಡಬ್ಬಿ ಕಂಡರೆ ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲ, ನಿಮ್ಮ ತಪ್ಪಲ್ಲ. ಕಪ್ಪು ವಜ್ರದಾಕಾರದೊಳಗೆ ಪ್ರಶ್ನೆ ಚಿಹ್ನೆ ಕಂಡರೆ ಬೈಟುಗಳು (ಅಕ್ಷರಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಸಂಖ್ಯೆಗಳು) ಬಂದಿವೆ, ಬ್ರೌಸರಿಗೆ ಅವು ಅರ್ಥವಾಗುತ್ತಿಲ್ಲ. ನೆತ್ತಿಯ ಮೇಲೆ ಗೀಟು ಇರುವ ಇಂಗ್ಲಿಷ್ ‘ಎ’, ಅದರ ಪಕ್ಕ ಚಿಕ್ಕದಾಗಿ ಮೇಲೆ ಬರೆದ 2 ಅಥವಾ 3, ಇದೇ ಮತ್ತೆ ಮತ್ತೆ ಬಂದರೆ ಎಲ್ಲ ಭಾಷೆಗೂ ಆಗುವ ಯುಟಿಎಫ್-8 ಪದ್ಧತಿಯಲ್ಲಿ ಬರೆದ ಕನ್ನಡವನ್ನು ಯಾರೋ ಲ್ಯಾಟಿನ್-1 (ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮಾತ್ರ ಇರುವ ಹಳೆಯ ಪದ್ಧತಿ) ಎಂದು ಓದಿದ್ದಾರೆ. ನಿಮ್ಮಲ್ಲಿರುವ ಹಾಗೆ ಬರೀ ಸಾದಾ ಪ್ರಶ್ನೆ ಚಿಹ್ನೆ ಬಂದರೆ, ದಾರಿಯಲ್ಲಿ ಯಾರೋ ಕನ್ನಡವನ್ನು ಲ್ಯಾಟಿನ್-1ರಂಥ ಪುಟ್ಟ ಪೆಟ್ಟಿಗೆಗೆ ತುರುಕಲು ಹೋಗಿ, ಹಿಡಿಸದ ಅಕ್ಷರಕ್ಕೆಲ್ಲ ಪ್ರಶ್ನೆ ಚಿಹ್ನೆ ಇಟ್ಟಿದ್ದಾರೆ. ಬ್ರೌಸರ್ ಈ ಕೆಲಸ ಮಾಡುವುದಿಲ್ಲ. ಆದ್ದರಿಂದ ಎಚ್‌ಟಿಎಂಎಲ್ ಮೇಲಿನ ಮೆಟಾ ಟ್ಯಾಗನ್ನು ತಿದ್ದುತ್ತಾ ಕೂರಬೇಡಿ.

ತುರುಕಿದ್ದು ಒಳಗೆ ಹಾಕುವಾಗಲೋ, ಹೊರಗೆ ತರುವಾಗಲೋ? ಇದೊಂದೇ ಈಗ ತಿಳಿಯಬೇಕಾದದ್ದು. ಪಿಎಚ್‌ಪಿಮೈಅಡ್ಮಿನ್ ತೆರೆದು, ಹೆಸರಿನ ಕಾಲಮ್ಮಿಗೆ ಹೆಕ್ಸ್ ಎಂಬ ಫಂಕ್ಷನ್ ಸುತ್ತಿ ಸೆಲೆಕ್ಟ್ ಮಾಡಿ. ಕನ್ನಡದ ಒಂದೊಂದು ಯೂನಿಕೋಡ್ ಗುರುತಿಗೂ ಯುಟಿಎಫ್-8ರಲ್ಲಿ ಮೂರು ಬೈಟ್. ಅದು ಇ0 ಬಿ2 ಅಥವಾ ಇ0 ಬಿ3 ಎಂದೇ ಶುರುವಾಗಬೇಕು. ‘ಕ’ ಅಂದರೆ ಇ0 ಬಿ2 95. ಹೀಗೆ ಕಂಡರೆ ನೆಮ್ಮದಿಯಾಗಿ ಒಂದು ಕಾಫಿ ಕುಡಿಯಿರಿ, ನಿಮ್ಮ ಕನ್ನಡ ಒಳಗೆ ಕ್ಷೇಮವಾಗಿದೆ, ತರುವ ದಾರಿ ಮಾತ್ರ ಕೆಟ್ಟಿದೆ. ಕನೆಕ್ಷನ್ ಆದ ಮರುಸಾಲಿನಲ್ಲೇ ಮೈಎಸ್‌ಕ್ಯೂಎಲ್‌ಐ ಸೆಟ್ ಚಾರ್‌ಸೆಟ್ ಕರೆದು ಯುಟಿಎಫ್8ಎಂಬಿ4 (ಪೂರ್ತಿ ಯುಟಿಎಫ್-8ಕ್ಕೆ ಮೈಎಸ್‌ಕ್ಯೂಎಲ್ ಇಟ್ಟ ಹೆಸರು) ಎಂದು ಹೇಳಿ. ಟೇಬಲ್ ಲ್ಯಾಟಿನ್-1 ಅಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಹೆಕ್ಸ್‌ನಲ್ಲಿ 3ಎಫ್ 3ಎಫ್ 3ಎಫ್ ಅಂತ ಕಂಡರೆ ಸುದ್ದಿ ಒಳ್ಳೆಯದಲ್ಲ. 3ಎಫ್ ಅಂದರೆ ಪ್ರಶ್ನೆ ಚಿಹ್ನೆಯೇ. ಡೇಟಾಬೇಸಿನಲ್ಲಿ ನಿಜವಾಗಿ ಅದೇ ಕೂತಿದೆ. ಯಾವ ಸೆಟ್ಟಿಂಗೂ ಅದನ್ನು ವಾಪಸ್ ಕನ್ನಡ ಮಾಡುವುದಿಲ್ಲ. ಮೂಲ ಎಕ್ಸೆಲ್ ಫೈಲಿನಿಂದ ಮತ್ತೆ ತುಂಬಬೇಕು. ನಿಮ್ಮದು ಇದೇ ಇರಬಹುದೆಂದು ನನ್ನ ಗುಮಾನಿ, ಯಾಕೆಂದರೆ ನೀವು ಎಕ್ಸೆಲ್ ಎಂದಿರಿ. ವಿಂಡೋಸಿನ ಎಕ್ಸೆಲ್‌ನಲ್ಲಿ ಬರೀ ‘ಸಿಎಸ್‌ವಿ’ ಎಂದು ಸೇವ್ ಮಾಡಿದರೆ ಕನ್ನಡವೆಲ್ಲ ಅಲ್ಲೇ ಪ್ರಶ್ನೆ ಚಿಹ್ನೆಯಾಗುತ್ತದೆ, ಡೇಟಾಬೇಸ್ ತಲುಪುವ ಮುಂಚೆಯೇ. ಎಕ್ಸೆಲ್ 2016ರಿಂದ ‘ಸಿಎಸ್‌ವಿ ಯುಟಿಎಫ್-8’ ಎಂಬ ಬೇರೆ ಆಯ್ಕೆ ಬಂದಿದೆ, ಅದನ್ನೇ ಆರಿಸಿ. ಅದು ಫೈಲಿನ ಆರಂಭದಲ್ಲಿ ಕಾಣದ ಮೂರು ಬೈಟ್ ಸೇರಿಸುತ್ತದೆ. ಮೊದಲ ಕಾಲಮ್ಮಿನ ಹೆಸರು ಸರಿಯಿದ್ದರೂ ಹೊಂದುತ್ತಿಲ್ಲ ಅಂತ ತಲೆ ಕೆಟ್ಟರೆ ಆ ಮೂರು ಬೈಟನ್ನು ನೆನೆಯಿರಿ.

ಟೇಬಲ್ ಯಾವ ಚಾರ್‌ಸೆಟ್ಟಿನಲ್ಲಿದೆ, ಅಂದರೆ ಯಾವ ಅಕ್ಷರ ಪದ್ಧತಿಯಲ್ಲಿದೆ, ಎಂಬುದನ್ನೂ ಶೋ ಕ್ರಿಯೇಟ್ ಟೇಬಲ್ ಹಾಕಿ ನೋಡಿಬಿಡಿ. ಮೈಎಸ್‌ಕ್ಯೂಎಲ್ 8.0 ಬರುವವರೆಗೆ, ಅಂದರೆ 2018ರ ತನಕ, ಏನೂ ಹೇಳದೆ ಮಾಡಿದ ಟೇಬಲ್ ಲ್ಯಾಟಿನ್-1 ಆಗುತ್ತಿತ್ತು. ಅದರಲ್ಲಿ ಕನ್ನಡ ತುಂಬಿದರೆ ಹಳೆಯ ವರ್ಷನ್‌ಗಳು ಸದ್ದಿಲ್ಲದೆ ಪ್ರಶ್ನೆ ಚಿಹ್ನೆ ಬರೆದು ಸುಮ್ಮನಾಗುತ್ತಿದ್ದವು. 5.7ರಿಂದ ಈಚೆಗೆ ಎರರ್ ಕೊಟ್ಟು ನಿಲ್ಲಿಸುತ್ತವೆ, ಅದೇ ವಾಸಿ. ಬರೀ ಯುಟಿಎಫ್8 ಎಂದಿದ್ದರೆ ಅದು ಮೂರು ಬೈಟಿನ ಮೊಟಕು ರೂಪ. ಕನ್ನಡಕ್ಕೆ ಮೂರೇ ಬೈಟ್ ಸಾಕಾದ್ದರಿಂದ ವರ್ಷಗಟ್ಟಲೆ ಏನೂ ತೊಂದರೆ ಕಾಣುವುದಿಲ್ಲ. ಯಾರೋ ಹುಡುಗ ಅಭಿಪ್ರಾಯದ ಕೊನೆಗೆ ಒಂದು ಇಮೋಜಿ ಹಾಕಿದ ದಿನ ಎಡವುತ್ತದೆ.

ಟೇಬಲ್ ಲ್ಯಾಟಿನ್-1, ಆದರೆ ಹೆಕ್ಸ್‌ನಲ್ಲಿ ಇ0 ಬಿ2 ಕಾಣುತ್ತಿದೆ ಅಂದರೆ ಹುಷಾರು. ಅಲ್ಲಿ ಕನ್ನಡದ ಬೈಟುಗಳು ಲ್ಯಾಟಿನ್ ವೇಷದಲ್ಲಿ ಕೂತಿವೆ. ನೇರವಾಗಿ ಕನ್ವರ್ಟ್ ಮಾಡಿದರೆ ಆ ವೇಷವನ್ನೇ ನಿಜ ಎಂದುಕೊಂಡು ಎರಡನೇ ಸಲ ಎನ್‌ಕೋಡ್ ಮಾಡಿಬಿಡುತ್ತದೆ. ಕಾಲಮ್ಮನ್ನು ಮೊದಲು ಬ್ಲಾಬ್ ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಪಠ್ಯ ಮಾಡಬೇಕು. ಬ್ಲಾಬಿಗೆ ಚಾರ್‌ಸೆಟ್ ಇಲ್ಲ, ಹಾಗಾಗಿ ಬೈಟುಗಳು ಇದ್ದ ಹಾಗೇ ಉಳಿಯುತ್ತವೆ.

ನಮ್ಮ ಕಡೆಯದೇ ಆದ ಇನ್ನೊಂದು ಬಗೆ ಇದೆ, ಇದನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಹುಡುಕಬೇಡಿ. ಶಾಲೆಯ ಹಳೆಯ ಪಟ್ಟಿಗಳು ಎಷ್ಟೋ ಕಡೆ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಆದವು. ಅವು ಯೂನಿಕೋಡ್ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿತ್ರವಿಚಿತ್ರ ಗುರುತುಗಳೇ, ಫಾಂಟ್ ಮಾತ್ರ ಅವಕ್ಕೆ ಕನ್ನಡದ ಮುಖ ಕೊಡುತ್ತದೆ. ಅಂಥದ್ದನ್ನು ಡೇಟಾಬೇಸಿಗೆ ಹಾಕಿದರೆ ಚಾರ್‌ಸೆಟ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ತುಂಬುವ ಮುಂಚೆ ಯೂನಿಕೋಡಿಗೆ ಪರಿವರ್ತಿಸಬೇಕು, ಅದಕ್ಕೆ ಕನ್ವರ್ಟರುಗಳು ಇವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಹೆಸರುಗಳನ್ನು ಒಮ್ಮೆ ಕಣ್ಣಲ್ಲೇ ನೋಡಿ.

ನಾನು ಹೊಸಬನಾಗಿದ್ದಾಗ ಒಂದು ಸಹಕಾರ ಸಂಘಕ್ಕೆ ಸದಸ್ಯರ ಪಟ್ಟಿ ಮಾಡಿಕೊಟ್ಟಿದ್ದೆ. ಒಳಗೆ ಕನ್ನಡ ಸರಿಯಾಗೇ ಇತ್ತು, ತೋರಿಸುವಾಗ ಪ್ರಶ್ನೆ ಚಿಹ್ನೆ ಬರುತ್ತಿತ್ತು. ‘ಆಮೇಲೆ ನೋಡೋಣ’ ಅಂದುಕೊಂಡೆ. ಅಷ್ಟರಲ್ಲಿ ಅಲ್ಲಿನ ಗುಮಾಸ್ತರು ತಿದ್ದುವ ಪುಟ ತೆರೆದು, ಫೋನ್ ನಂಬರ್ ಬದಲಿಸಿ ಸೇವ್ ಒತ್ತುತ್ತಾ ಹೋದರು. ಹೆಸರಿನ ಡಬ್ಬಿಯಲ್ಲಿದ್ದ ಪ್ರಶ್ನೆ ಚಿಹ್ನೆಯೂ ಜೊತೆಗೇ ಸೇವ್ ಆಯಿತು. ಸಂಜೆ ಹೊತ್ತಿಗೆ ಅರವತ್ತು ಚಿಲ್ಲರೆ ಸದಸ್ಯರಿಗೆ ಹೆಸರೇ ಇರಲಿಲ್ಲ. ಲೆಡ್ಜರ್ ಮುಂದಿಟ್ಟುಕೊಂಡು ನಾನೇ ಕೂತು ಟೈಪ್ ಮಾಡಿದೆ. ಆದ್ದರಿಂದ ತೋರಿಸುವ ಪುಟ ಸರಿಹೋಗುವವರೆಗೆ ತಿದ್ದುವ ಪುಟವನ್ನು ಯಾರಿಗೂ ಕೊಡಬೇಡಿ.

ಇನ್ನು ಓ'ನೀಲ್. ಅವರ ಹೆಸರಿನ ನಡುವೆ ಒಂದು ಒಂಟಿ ಕೊಟೇಶನ್ ಗುರುತಿದೆ. ಹುಡುಕುವ ಡಬ್ಬಿಯಿಂದ ಬಂದ ಪದವನ್ನು ನೀವು ಕ್ವೆರಿಯ ವಾಕ್ಯದೊಳಗೆ ನೇರವಾಗಿ ಅಂಟಿಸಿದ್ದೀರಿ. ಹೆಸರಿನಲ್ಲಿರುವ ಗುರುತು ಬಂದ ಕೂಡಲೇ ಡೇಟಾಬೇಸ್ ‘ಪದ ಇಲ್ಲಿಗೆ ಮುಗಿಯಿತು’ ಅಂದುಕೊಳ್ಳುತ್ತದೆ. ಉಳಿದ ‘ನೀಲ್’ ಅದಕ್ಕೆ ಆಜ್ಞೆಯ ಹಾಗೆ ಕಾಣುತ್ತದೆ, ಅರ್ಥವಾಗದೆ ಎರರ್ ಕೊಡುತ್ತದೆ. ಓ'ನೀಲ್ ಪಾಪ, ಎರರ್ ಮಾತ್ರ ಕೊಟ್ಟರು. ಕಿಡಿಗೇಡಿ ಒಬ್ಬ ಅದೇ ಜಾಗದಲ್ಲಿ ಡೇಟಾಬೇಸಿಗೆ ಅರ್ಥವಾಗುವ ಮಾತು ಬರೆದರೆ ಅದು ನಡೆದೇ ಬಿಡುತ್ತದೆ. ಇದನ್ನೇ ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನುವುದು. 1998ರಲ್ಲೇ ಇದರ ಬಗ್ಗೆ ಬರೆದು ಎಚ್ಚರಿಸಿದ್ದರು, ಇವತ್ತಿಗೂ ಹೊಸ ಕೋಡಿನಲ್ಲಿ ಕಾಣುತ್ತದೆ.

ಮದ್ದು ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಕ್ವೆರಿಯಲ್ಲಿ ಪದ ಇರಬೇಕಾದ ಜಾಗಕ್ಕೆ ಒಂದು ಪ್ರಶ್ನೆ ಚಿಹ್ನೆ ಇಡಿ (ಇದು ಬೇಕಾದ ಪ್ರಶ್ನೆ ಚಿಹ್ನೆ!), ಪದವನ್ನು ಬೇರೆಯಾಗಿ ಕಳಿಸಿ. ಆಗ ಅದರಲ್ಲಿ ಏನೇ ಇದ್ದರೂ ಡೇಟಾಬೇಸ್ ಅದನ್ನು ಪದ ಎಂದೇ ನೋಡುತ್ತದೆ. ನಿಮ್ಮಲ್ಲಿ ಪಿಎಚ್‌ಪಿ 8.2 ಅಥವಾ ಅದಕ್ಕಿಂತ ಹೊಸದಿದ್ದರೆ ಮೈಎಸ್‌ಕ್ಯೂಎಲ್‌ಐ ಎಕ್ಸಿಕ್ಯೂಟ್ ಕ್ವೆರಿ ಎಂಬ ಒಂದೇ ಫಂಕ್ಷನ್‌ನಲ್ಲಿ ಎಲ್ಲ ಆಗುತ್ತದೆ. ಹಳೆಯದಾದರೆ ಪ್ರಿಪೇರ್, ಬೈಂಡ್, ಎಕ್ಸಿಕ್ಯೂಟ್, ಗೆಟ್ ರಿಸಲ್ಟ್ ಎಂದು ನಾಲ್ಕು ಹೆಜ್ಜೆ. ಲೈಕ್ ಬಳಸುವಾಗ ಶೇಕಡಾ ಗುರುತನ್ನು ಕ್ವೆರಿಯಲ್ಲಿ ಇಡಬೇಡಿ, ಪದದ ಎರಡೂ ಬದಿಗೆ ಅಂಟಿಸಿ ಕಳಿಸಿ. ಮುಂದೆ ಕಾಲಂ ತಲೆಬರಹ ಒತ್ತಿದರೆ ಅದರಂತೆ ಜೋಡಿಸುವ ಸೌಲಭ್ಯ ಕೊಡಬೇಕು ಅನ್ನಿಸಬಹುದು. ಆರ್ಡರ್ ಬೈ ಪಕ್ಕದ ಕಾಲಂ ಹೆಸರನ್ನು ಈ ರೀತಿ ಕಳಿಸಲು ಬರುವುದಿಲ್ಲ. ಒಪ್ಪುವ ಕಾಲಂ ಹೆಸರುಗಳ ಪಟ್ಟಿ ನೀವೇ ಇಟ್ಟುಕೊಂಡು, ಬಂದ ಹೆಸರು ಅದರಲ್ಲಿ ಇದ್ದರೆ ಮಾತ್ರ ಬಳಸಿ.

ಅದು ಒಳಗೆ ಹೋಗುವ ಬಾಗಿಲು. ಹೊರಗೆ ಬರುವ ಬಾಗಿಲಿನಲ್ಲೂ ಇದೇ ಕಥೆ, ಕೇಳುವ ಕಿವಿ ಮಾತ್ರ ಬೇರೆ. ಎಚ್‌ಟಿಎಂಎಲ್ ಕಲಿಸುವ ಒಂದು ಪುಸ್ತಕದ ಹೆಸರಲ್ಲೇ ಟೇಬಲ್ ಟ್ಯಾಗ್ ಇದೆ ಎಂದುಕೊಳ್ಳಿ. ಹಾಗೇ ಎಕೋ ಮಾಡಿದರೆ ಬ್ರೌಸರ್ ಅದನ್ನು ಹೆಸರು ಎಂದು ಓದದೆ ನಿಜವಾದ ಟೇಬಲ್ ಶುರುಮಾಡುತ್ತದೆ, ಪುಟ ಹರಿದುಹೋಗುತ್ತದೆ. ಟೇಬಲ್ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಇದ್ದರೆ ಓದುವವರ ಬ್ರೌಸರಿನಲ್ಲಿ ಬೇರೆಯವರ ಕೋಡ್ ಓಡುತ್ತದೆ. ಇದನ್ನು ತಡೆಯಲು ಎಚ್‌ಟಿಎಂಎಲ್‌ಸ್ಪೆಶಲ್‌ಚಾರ್ಸ್ ಇದೆ. ತೋರು ಫಂಕ್ಷನ್ ಒಳಗೆ ಇರಬೇಕಾದದ್ದು ಅದೇ. ಒಳಗೆ ಬಂದದ್ದು ನಲ್ ಆಗಿದ್ದರೆ ಅದಕ್ಕೆ ಮುಂಚೆ ಖಾಲಿ ಪಠ್ಯ ಮಾಡಿಕೊಳ್ಳಿ, ಯಾಕೆಂದರೆ ಪಿಎಚ್‌ಪಿ 8.1ರಿಂದ ನಲ್ ಕೊಟ್ಟರೆ ಎಚ್ಚರಿಕೆ ಬರುತ್ತದೆ. ಲೇಖಕರ ಹೆಸರು ಗೊತ್ತಿಲ್ಲದ ಪುಸ್ತಕ ಪ್ರತಿ ಲೈಬ್ರರಿಯಲ್ಲೂ ಇರುತ್ತೆ.

ಕೆಲವರು ಜಾಣತನ ಮಾಡಿ ಡೇಟಾಬೇಸಿಗೆ ಹಾಕುವಾಗಲೇ ಎಚ್‌ಟಿಎಂಎಲ್‌ಸ್ಪೆಶಲ್‌ಚಾರ್ಸ್ ಮಾಡಿ ಇಡುತ್ತಾರೆ. ಬೇಡ. ನಾಳೆ ಅದೇ ಪಟ್ಟಿಯನ್ನು ಎಕ್ಸೆಲ್‌ಗೆ ಕೊಡಬೇಕಾದರೆ ಆ ಕಸವೂ ಜೊತೆಗೆ ಹೋಗುತ್ತದೆ. ಒಳಗೆ ಇರುವುದು ಇದ್ದ ಹಾಗೇ ಇರಲಿ, ವೇಷ ಹಾಕುವುದು ರಂಗದ ಬಾಗಿಲಲ್ಲಿ.

ಕೋಡಿನಲ್ಲಿ ಇನ್ನೊಂದು ಕಂಡೆ. ಉದ್ದ ಹೆಸರುಗಳನ್ನು ಸಬ್‌ಸ್ಟ್ರ್ ಹಾಕಿ 40ಕ್ಕೆ ಕತ್ತರಿಸಿದ್ದೀರಿ. ಅದು ಎಣಿಸುವುದು ಬೈಟುಗಳನ್ನು. ‘ಕನ್ನಡ’ ನಮಗೆ ಮೂರು ಅಕ್ಷರ, ಯೂನಿಕೋಡಿಗೆ ಐದು ಗುರುತು, ಸಬ್‌ಸ್ಟ್ರ್‌ಗೆ ಹದಿನೈದು ಬೈಟ್. ನಡುವೆ ಸ್ಪೇಸ್ ಇಲ್ಲದ ಕನ್ನಡವನ್ನು 40ಕ್ಕೆ ಕತ್ತರಿಸಿದರೆ ಕತ್ತಿ ಹದಿನಾಲ್ಕನೇ ಗುರುತಿನ ಮೊದಲ ಬೈಟಿನ ಮೇಲೇ ಬೀಳುತ್ತದೆ. ತಮಾಷೆಯೆಂದರೆ, 8.1ಕ್ಕಿಂತ ಹಳೆಯ ಪಿಎಚ್‌ಪಿಯಲ್ಲಿ ಹೀಗೆ ತುಂಡಾದ ಪಠ್ಯವನ್ನು ಎಚ್‌ಟಿಎಂಎಲ್‌ಸ್ಪೆಶಲ್‌ಚಾರ್ಸ್‌ಗೆ ಕೊಟ್ಟರೆ ಅದು ಪೂರ್ತಿ ಖಾಲಿ ಮಾಡಿ ವಾಪಸ್ ಕೊಡುತ್ತದೆ. ಕನ್ನಡ ಸರಿ ಮಾಡಿದ ದಿನವೇ ಉದ್ದ ಹೆಸರುಗಳೆಲ್ಲ ಮಾಯವಾಗಿ ನೀವು ನನ್ನನ್ನು ಬೈದುಕೊಳ್ಳುತ್ತೀರಿ. ಎಂಬಿ ಸಬ್‌ಸ್ಟ್ರ್ ಬಳಸಿದರೆ ಬೈಟ್ ತುಂಡಾಗುವುದಿಲ್ಲ, ಆದರೆ ಒತ್ತಕ್ಷರದ ನಡುವೆ ಕತ್ತರಿಸಿ ‘ಕನ್’ ಎಂದು ನಿಲ್ಲಬಹುದು. ಪಿಎಚ್‌ಪಿಯಲ್ಲಿ ಕತ್ತರಿಸುವುದನ್ನೇ ಬಿಟ್ಟು, ಸಿಎಸ್‌ಎಸ್‌ನಲ್ಲಿ ಟೆಕ್ಸ್ಟ್ ಓವರ್‌ಫ್ಲೋ ಎಲಿಪ್ಸಿಸ್ ಕೊಡಿ. ಎಲ್ಲಿ ಮುಗಿಸಬೇಕೆಂದು ಬ್ರೌಸರ್ ನೋಡಿಕೊಳ್ಳಲಿ.

ಅಕಾರಾದಿ ಜೋಡಣೆಯಲ್ಲಿ ‘ಕಳ್ಳ’ ಮೊದಲು ಬಂದು ‘ಕವಿ’ ಆಮೇಲೆ ಬಂದರೆ ಗಾಬರಿಯಾಗಬೇಡಿ. ಯೂನಿಕೋಡಿನಲ್ಲಿ ‘ಳ’ದ ಜಾಗ ‘ಲ’ದ ಪಕ್ಕ, ನಮ್ಮ ವರ್ಣಮಾಲೆಯಲ್ಲಿ ಕೊನೆಗೆ. ನಾಲ್ಕುನೂರು ಪುಸ್ತಕಕ್ಕೆ ಅದನ್ನು ಸರಿಮಾಡಲು ಹೊರಡುವುದು ಜಾಸ್ತಿಯಾಯಿತು. ಪುಟ ಪುಟವಾಗಿ ಒಡೆಯುವುದೂ ಈಗ ಬೇಡ, ಸಾವಿರಾರು ಪುಸ್ತಕ ಆದಾಗ ಲಿಮಿಟ್ ಹಾಕಿದರಾಯಿತು. ಬೆಲೆಯ ಒಟ್ಟು ಮೊತ್ತ ಲಕ್ಷ ದಾಟಿದರೆ ಮಾತ್ರ ನಂಬರ್ ಫಾರ್ಮ್ಯಾಟ್ ನಂಬಬೇಡಿ. ಅದು 1,234,567 ಎಂದು ಮೂರು ಮೂರಕ್ಕೆ ಅಲ್ಪವಿರಾಮ ಹಾಕುತ್ತದೆ. 12,34,567 ಬೇಕೆಂದರೆ ಇಂಟ್ಲ್ ಎಕ್ಸ್‌ಟೆನ್ಶನ್ನಿನ ನಂಬರ್‌ಫಾರ್ಮ್ಯಾಟರ್‌ಗೆ ಭಾರತದ ಇಂಗ್ಲಿಷ್ ಲೊಕೇಲ್ (ಇಎನ್ ಐಎನ್ ಎಂಬ ಗುರುತು) ಕೊಡಿ.

ಏನನ್ನಾದರೂ ಮುಟ್ಟುವ ಮುಂಚೆ ಇವತ್ತೇ ಪಿಎಚ್‌ಪಿಮೈಅಡ್ಮಿನ್‌ನಿಂದ ಇಡೀ ಡೇಟಾಬೇಸನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಹೆಕ್ಸ್ ನೋಡಿ. 3ಎಫ್ ಬಂದರೆ ಆ ಎಕ್ಸೆಲ್ ಫೈಲ್ ಯಾವ ಕಂಪ್ಯೂಟರಿನಲ್ಲಿದೆ ಎಂದು ಹುಡುಕಿಸಿ, ಆಫೀಸಿನವರು ಅದನ್ನು ಡಿಲೀಟ್ ಮಾಡುವ ಮುಂಚೆ.